ಬೀರುವಿನೊಳಗೆ ಬೀರು

ಗುಂಡಿ ಒತ್ತಿದ ಮೇಲೆ ಆ ಲ್ಯಾಪ್‌ಟಾಪ್ ಕಣ್ಣು ಬಿಡುವಷ್ಟರಲ್ಲಿ ಸ್ಟೋರಮ್ಮ ಹಾಸಿಗೆ ಮಡಿಸಿ, ಮನೆ ಗುಡಿಸಿ, ಕಾಫಿ ಸೋಸಿ, ಅತ್ತೆಯ ತಲೆ ಬಾಚಿ, ಹೊತ್ತು ಉಳಿದರೆ ತನ್ನ ತಲೆಯನ್ನೂ ಬಾಚಿಕೊಳ್ಳುತ್ತಿದ್ದಳು. ಇಷ್ಟೆಲ್ಲ ಮುಗಿದರೂ ಪರದೆಯ ಮೇಲೆ ಬಿಳಿ ಚುಕ್ಕಿಗಳು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತಿದ್ದವು. ಒಳಗಿನಿಂದ ಬಿಡುವಿಲ್ಲದೆ ಕರಕರ ಸದ್ದು. ಬದಿಯ ಕೆಂಪು ದೀಪ ಆರುವುದೆಂದರೇನೆಂದೇ ಮರೆತುಬಿಟ್ಟಿತ್ತು.

ಬೇರೆ ಮನೆಯಾಗಿದ್ದರೆ ‘ಹಾಳಾಗಲಿ, ಸಂಜೆ ನೋಡಿಕೊಳ್ಳೋಣ’ ಎಂದು ಮುಚ್ಚಿಡುತ್ತಿದ್ದರು. ಈ ಮನೆಯಲ್ಲಿ ಹಾಗಾಗುತ್ತಿರಲಿಲ್ಲ. ಸ್ಟೋರಮ್ಮನ ಗಂಡನ ದನಿ ಇದ್ದದ್ದೇ ಅದರೊಳಗೆ.

ಅವರು ಈಜುಕೊಳದಲ್ಲಿ ಈಜು ಕಲಿಸುವ ಕೋಚ್. ಕೊಳದ ಈ ದಡದಲ್ಲಿ ನಿಂತು ‘ಕಾಲು ಬಡಿ, ಕಾಲು!’ ಎಂದು ಕೂಗಿದರೆ ಆ ದಡದಲ್ಲಿ ಸುಮ್ಮನೆ ಕಡಲೆಕಾಯಿ ತಿನ್ನುತ್ತಿದ್ದವರೂ ಒಮ್ಮೆ ಕಾಲು ಒದರುತ್ತಿದ್ದರು. ಅಂಥವರ ಗಂಟಲಲ್ಲಿ ಗೆಡ್ಡೆ ಬೆಳೆಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮೊದಲು ಮಾತು ಕಲಿಸುವ ಥೆರಪಿಸ್ಟ್ ಒಬ್ಬಳು ಅವರನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಸಾವಿರಾರು ವಾಕ್ಯಗಳನ್ನು ಓದಿಸಿ, ಎಲ್ಲವನ್ನೂ ಈ ಲ್ಯಾಪ್‌ಟಾಪಿನಲ್ಲಿ ತುಂಬಿಕೊಟ್ಟಳು. ಈಗ ಅವರು ಕೀಲಿಗಳನ್ನು ಒತ್ತಿದರೆ ಲ್ಯಾಪ್‌ಟಾಪ್ ಅವರದೇ ದನಿಯಲ್ಲಿ ಮಾತಾಡುತ್ತದೆ. ಆ ಹುಡುಗಿಯನ್ನು ನೆನೆಯದೆ ಸ್ಟೋರಮ್ಮ ಒಂದು ದಿನವೂ ತುತ್ತು ಎತ್ತಿದವಳಲ್ಲ.

ಗಂಡ ಹೆಂಡತಿಯ ನಡುವೆ ಮಾತಿಗೇನು, ಕಣ್ಣಿದೆ, ಕೈಯಿದೆ, ತೀರಾ ಬೇಕಾದರೆ ಬರೆದು ತೋರಿಸಲು ಸ್ಲೇಟಿದೆ. ಆದರೆ ಅತ್ತೆಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಮಗ ಸ್ಲೇಟಿನ ಮೇಲೆ ರಾಮಾಯಣ ಬರೆದರೂ ಅವರಿಗೆ ಕಾಣದು. ಅವರ ಪಾಲಿಗೆ ಮಗನೆಂದರೆ ದನಿ. ಯಂತ್ರದ ವಿಷಯ ಹೇಳಿದಾಗ, “ಯಂತ್ರನೋ ಮಂತ್ರನೋ, ನನ್ನ ಮಗನ ಗಂಟಲು ನನಗೆ ಗೊತ್ತಾಗಲ್ವಾ?” ಎಂದು ಅಲ್ಲಿಗೇ ಮುಗಿಸಿದ್ದರು. ಬೆಳಗ್ಗೆ ಎದ್ದು ಮಂಚದ ಮೇಲೆ ಕೂತವರೇ, “ಎದ್ಯೇನಪ್ಪಾ?” ಎಂದು ಕೇಳುವುದು, ಇವರು “ಎದ್ದೆ ಅಮ್ಮ” ಎನ್ನುವುದು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಬರುಬರುತ್ತಾ ಲ್ಯಾಪ್‌ಟಾಪ್ ಸೋಮಾರಿಯಾಯಿತು. ಏಳುವುದು ತಡ, ಎದ್ದ ಮೇಲೂ ಒತ್ತಿದ ಕೀಲಿಗೆ ಅದು ಬಾಯಿ ಬಿಡುವುದು ತಡ. ಬೆಳಗಿನ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಅತ್ತೆ ಇನ್ನೊಂದು ಸುತ್ತು ನಿದ್ದೆ ತೆಗೆದಿರುತ್ತಿದ್ದರು. ಈಚೀಚೆಗಂತೂ ಅವರು ಮಗನನ್ನು ಏನೂ ಕೇಳುತ್ತಿರಲಿಲ್ಲ. ವಯಸ್ಸಾಯಿತಲ್ಲ, ಮಾತು ಕಡಿಮೆಯಾಯಿತು ಎಂದುಕೊಂಡಳು ಸ್ಟೋರಮ್ಮ.

ಮನೆಯವರೇನು ಕೈಕಟ್ಟಿ ಕೂತಿರಲಿಲ್ಲ. ತಮ್ಮ ಬಂದು, “ವೈರಸ್ ಇರುತ್ತೆ ಅಕ್ಕಾ” ಎಂದು ಅದನ್ನು ಹಿಡಿಯುವ ಒಂದು ಪ್ರೋಗ್ರಾಂ ಹಾಕಿ ಹೋದ. ಅಳಿಯ ಬಂದು, “ಮಾವನ ಲ್ಯಾಪ್‌ಟಾಪಿಗೆ ಒಳ್ಳೇದೇ ಹಾಕ್ಬೇಕು ಅತ್ತೆ” ಎಂದು ಇನ್ನೊಂದು ಹಾಕಿದ. ಮಗಳು ಫೋನಿನಲ್ಲೇ ಹೇಳಿ, ಓಟ ಹೆಚ್ಚಿಸುವ ಪ್ರೋಗ್ರಾಂ ಒಂದನ್ನು ಹಾಕಿಸಿದಳು. ಅದು ಬಂದ ಮೇಲೆ ಇದ್ದ ಓಟವೂ ನಿಂತು ತೆವಳಾಟ ಶುರುವಾಯಿತು. ಒಂದು ಬೆಳಿಗ್ಗೆ ನೀಲಿ ಪರದೆಯೊಂದು ಬಂದು, ಡಿಸ್ಕಿನಲ್ಲಿ ದೋಷವಿದೆ, ಪರೀಕ್ಷಿಸುತ್ತಿದ್ದೇನೆ ಎಂದು ಬರೆದುಕೊಂಡು ಅಲ್ಲೇ ಬೇರೂರಿತು. ಕೋಚ್ ಅದರ ಮುಂದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಮುಖ ನೋಡಿದ ಸ್ಟೋರಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. ಆಪರೇಷನ್ನಿನ ದಿನವೂ ಅವರು ಹಾಗೆ ಕೂತಿರಲಿಲ್ಲ.

“ಏಳ್ರೀ, ರಿಪೇರಿ ಅಂಗಡಿಗೆ ಹೋಗೋಣ,” ಎಂದಳು. ಕೆಲಸಕ್ಕೆ ರಜೆ ಹೇಳಿದಳು. ಪಕ್ಕದ ಮನೆಯಾಕೆಯನ್ನು ಅತ್ತೆಯ ಬಳಿ ಕೂರಿಸಿ, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟಳು. ಬಸ್ಸಿನಲ್ಲಿ ಒಬ್ಬರು ಪಾಪುವಿದೆ ಎಂದುಕೊಂಡು ಎದ್ದು ಸೀಟು ಬಿಟ್ಟುಕೊಟ್ಟರು. ಅವಳು ಇಲ್ಲವೆನ್ನದೆ ಕೂತಳು.

ರಿಪೇರಿ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿತ್ತು. ಬಿಚ್ಚಿಟ್ಟ ಕೀಬೋರ್ಡುಗಳು, ಫ್ಯಾನುಗಳು, ಡಬ್ಬಿಯೊಳಗಿನ ಸಣ್ಣ ಸ್ಕ್ರೂಗಳ ನಡುವೆ ದಪ್ಪ ಕನ್ನಡಕದ ಒಬ್ಬ ಹೆಂಗಸು ಕೂತಿದ್ದಳು. ಎಲ್ಲರೂ ಅವಳನ್ನು ರಿಪೇರಿಯಕ್ಕ ಎನ್ನುತ್ತಿದ್ದರು. ಅವಳ ಬಾಯಿ ಸ್ವಲ್ಪ ಜೋರು.

“ಇದರ ಹಾರ್ಡ್ ಡಿಸ್ಕ್ ಹೋಗಿದೆ ಅನ್ಸುತ್ತೆ. ವೈರಸ್ಸೂ ಇರ್ಬೇಕು. ಮೆಮೊರಿನೂ ಸಾಲ್ತಾ ಇಲ್ಲ,” ಎಂದು ಸ್ಟೋರಮ್ಮ ಅಳಿಯ, ತಮ್ಮ, ಮಗಳು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

“ರೋಗ ಯಾವುದು ಅಂತ ನಾನು ಹೇಳ್ತೀನಮ್ಮ. ನೀವು ಕಷ್ಟ ಏನು ಅಂತ ಹೇಳಿ ಸಾಕು.”

ಸ್ಟೋರಮ್ಮ ಕಷ್ಟ ಹೇಳಿದಳು. ಹೇಳುತ್ತಾ ಹೇಳುತ್ತಾ ಕೋಚ್ ಕಡೆ ಕೈ ತೋರಿಸಿದಳು. ಆಪರೇಷನ್ನಿನ ಜಾಗ ಮುಚ್ಚಲು ಅವರು ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯನ್ನು ನೋಡಿದ ರಿಪೇರಿಯಕ್ಕ ಎದ್ದು, ಸ್ಟೂಲಿನ ಮೇಲಿದ್ದ ಪ್ರಿಂಟರನ್ನು ಕೆಳಗಿಟ್ಟು, “ಸರ್, ನೀವು ಕೂತ್ಕೊಳ್ಳಿ,” ಎಂದಳು. ಆಮೇಲೆ ಅವಳ ಬಾಯಿ ಸ್ವಲ್ಪ ಹೊತ್ತು ಜೋರಾಗಲಿಲ್ಲ.

ನೀಲಿ ಪರದೆಯನ್ನು ಹೇಗೋ ದಾಟಿಸಿ ಲ್ಯಾಪ್‌ಟಾಪನ್ನು ಎಬ್ಬಿಸಿದಳು. ಅದು ಮೈ ಮುರಿಯುತ್ತಾ ಏಳುವವರೆಗೆ ಮೂವರೂ ಟೀ ಕುಡಿದರು. ಎದ್ದ ಮೇಲೆ ಒಳಗೆ ಯಾವ ಯಾವ ಪ್ರೋಗ್ರಾಂ ಎಷ್ಟೆಷ್ಟು ದುಡಿಯುತ್ತಿದೆ ಎಂದು ತೋರಿಸುವ ಪರದೆ ತೆರೆದಳು. “ಇಲ್ನೋಡಿ. ಡಿಸ್ಕ್ ನೂರಕ್ಕೆ ನೂರು. ಪಾಪದ್ದು, ಉಸಿರಾಡೋಕೂ ಬಿಡುವಿಲ್ಲ.”

ಮೊದಲು ಕಂಡದ್ದು ಬಾಗಿಲಲ್ಲೇ ನೂಕುನುಗ್ಗಲು. ಲ್ಯಾಪ್‌ಟಾಪ್ ಎದ್ದ ಕೂಡಲೇ ತಾವೂ ಏಳಬೇಕೆಂದು ಹತ್ತಾರು ಪ್ರೋಗ್ರಾಂಗಳು ಕಾದು ನಿಂತಿದ್ದವು. ಮಗಳ ಕಾಲೇಜು ಕಾಲದ ಆಟ, ಎಂದೋ ಮಾರಿದ ಪ್ರಿಂಟರಿನ ಸಹಾಯಕ, ಹಾಡು ಕೇಳುವ ಎರಡು, ಓಟ ಹೆಚ್ಚಿಸುವ ಆ ಮಹರಾಯ. ಒಂದೊಂದನ್ನೇ ಹೊರಗಟ್ಟಿದಳು. ಆಮೇಲೆ ತಮ್ಮನ ವೈರಸ್ ಪ್ರೋಗ್ರಾಮೂ ಅಳಿಯನ ವೈರಸ್ ಪ್ರೋಗ್ರಾಮೂ ಸಿಕ್ಕಿಬಿದ್ದವು. ಅದು ಮುಟ್ಟಿದ ಫೈಲನ್ನೆಲ್ಲ ಇದು ಅನುಮಾನದಿಂದ ತಡಕುವುದು, ಇದು ತಡಕಿದ್ದನ್ನು ಅದು ಮತ್ತೆ ತಡಕುವುದು.

“ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರಲ್ಲ, ಇಲ್ಲಿ ಇಬ್ಬರೇ ಸಾಕಾಗಿದಾರೆ. ಹಾವೇ ಇಲ್ಲ, ದೊಣ್ಣೆ ಮಾತ್ರ ಬೀಸ್ತಾ ಇದಾರೆ,” ಎಂದು ರಿಪೇರಿಯಕ್ಕ ಅಳಿಯನದನ್ನು ತೆಗೆದು ತಮ್ಮನದನ್ನು ಉಳಿಸಿದಳು. ತವರಿನ ಕಡೆಯದು ಗೆದ್ದಿತಲ್ಲ ಎಂದು ಸ್ಟೋರಮ್ಮನಿಗೆ ಆ ಗಾಬರಿಯಲ್ಲೂ ಒಂದಿಷ್ಟು ಹೆಮ್ಮೆಯಾಯಿತು.

ಆದರೆ ಕೆಂಪು ದೀಪ ಆರಲಿಲ್ಲ. ಕರಕರ ನಿಲ್ಲಲಿಲ್ಲ. ನೂರಿದ್ದದ್ದು ನೂರೇ ಇತ್ತು. ರಿಪೇರಿಯಕ್ಕ ಕನ್ನಡಕ ಹಣೆಗೇರಿಸಿದಳು. “ನಾನೂ ಇಷ್ಟೇ ಇರುತ್ತೆ ಅಂದ್ಕೊಂಡಿದ್ದೆ. ತಪ್ಪಾಯ್ತು,” ಎಂದು ಮತ್ತೆ ಬಗ್ಗಿ ನೋಡಿದಳು. “ಯಾವುದೋ ಒಂದು ಪ್ರೋಗ್ರಾಂ ಬಿಡದೆ ಕಾಪಿ ಮಾಡ್ತಾನೇ ಇದೆ. ಜಾಗ ಮುಗಿಯುತ್ತೆ, ಅರ್ಧ ಮಾಡಿದ್ದನ್ನ ಅಳಿಸುತ್ತೆ, ಮತ್ತೆ ಮೊದಲಿಂದ ಶುರು ಮಾಡುತ್ತೆ. ಇದನ್ನ ಯಾರು ಹಾಕಿದ್ದು?”

ಸ್ಟೋರಮ್ಮನ ಮುಖ ಅರಳಿತು. ಅದು ಅವಳದೇ ಕೆಲಸ. ಗಂಡನಿಗೆ ಸುಮ್ಮನೆ ಆತಂಕವೇಕೆಂದು ಹೇಳಿರಲಿಲ್ಲ, ಅಷ್ಟೆ. “ನಾನೇ ಅಕ್ಕ! ಇವರ ದನಿ ಇರೋದು ಇದೊಂದರಲ್ಲೇ, ಒಂದು ಕಾಪಿ ಇಟ್ಕೊಳ್ಳಿ ಅಂತ ಥೆರಪಿಸ್ಟ್ ಹೇಳಿದ್ಳು. ನಮ್ಮ ಆಫೀಸಿನವನ ಹತ್ರ ಪ್ರೋಗ್ರಾಂ ಹಾಕಿಸಿದೆ. ದಿನಾ ಬೆಳಗ್ಗೆ ತಾನಾಗೇ ಕಾಪಿ ಆಗುತ್ತೆ.”

“ಒಳ್ಳೇ ಕೆಲಸ. ಕಾಪಿ ಎಲ್ಲಿಗೆ ಹೋಗುತ್ತೆ?”

“ಅಲ್ಲೇ.”

“ಅಲ್ಲೇ ಅಂದ್ರೆ?”

“ಆ ದನಿ ಇದೆಯಲ್ಲ, ಆ ಫೋಲ್ಡರ್ ಒಳಗೇ. ಅವನು ಎಲ್ಲಿಡೋಣ ಅಂತ ಕೇಳ್ದ. ಬೇರೆ ಎಲ್ಲೂ ಬೇಡ, ಅಸಲು ಎಲ್ಲಿದೆಯೋ ಅಲ್ಲೇ ಇಡು ಅಂದೆ.”

ಇಲ್ಲಿ ಸ್ಟೋರಮ್ಮನ ಹೆಸರಿನ ಕಥೆ ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆಯ ಸ್ಟೋರು ಅವಳ ಕೈಯಲ್ಲಿತ್ತು. ಅಲ್ಲಿನ ನಿಯಮವೆಂದರೆ, ಹಾಸಿಗೆಯ ಮೇಲೊಂದು ಚಾದರವಿದ್ದರೆ ಒಗೆಯುವಲ್ಲಿ ಒಂದು, ಬೀರುವಿನಲ್ಲಿ ಒಂದು ಇರಬೇಕು. ಅದಕ್ಕಿಂತ ದೊಡ್ಡ ನಿಯಮ, ಒಂದು ವಾರ್ಡಿನ ಬಟ್ಟೆ ಅದೇ ವಾರ್ಡಿನ ಬೀರುವಿನಲ್ಲಿರಬೇಕು. ಮಕ್ಕಳ ವಾರ್ಡಿನ ಚಾದರ ಆಪರೇಷನ್ ವಾರ್ಡಿನ ಬೀರುವಿನಲ್ಲಿ ಸಿಕ್ಕಿತೋ, ಅಂದು ಸ್ಟೋರಮ್ಮನ ಎದುರು ನಿಲ್ಲುವ ಧೈರ್ಯ ದೊಡ್ಡ ಡಾಕ್ಟರಿಗೂ ಇರಲಿಲ್ಲ. ಇಷ್ಟು ವರ್ಷ ಹಾಗೆ ಬಾಳಿದವಳು ಗಂಡನ ದನಿಯ ಕಾಪಿಯನ್ನು ಗಂಡನ ದನಿಯ ಬೀರುವಿನಲ್ಲೇ ಇಡದೆ ಇನ್ನೆಲ್ಲಿಟ್ಟಾಳು? ಈ ನಿಯಮವನ್ನು ಅವಳು ರಿಪೇರಿಯಕ್ಕನಿಗೂ ಒಪ್ಪಿಸಿದಳು.

ರಿಪೇರಿಯಕ್ಕ ಫೋಲ್ಡರ್ ತೆರೆದಳು. ಒಳಗೆ ಅಸಲು ದನಿ, ಅದರ ಪಕ್ಕ ‘ಕಾಪಿ’ ಎಂಬ ಫೋಲ್ಡರ್. ಅದನ್ನು ತೆರೆದರೆ ಮತ್ತೆ ದನಿ, ಮತ್ತೆ ‘ಕಾಪಿ’. ಅದರೊಳಗೂ ಅದೇ. ತೆರೆದಷ್ಟೂ ಮುಗಿಯದು. “ಮೊದಲ ದಿನ ಅಸಲನ್ನ ಕಾಪಿ ಮಾಡ್ತು. ಎರಡನೇ ದಿನ ಅಸಲಿನ ಜೊತೆ ಆ ಕಾಪಿನೂ ಸೇರಿಸಿ ಕಾಪಿ ಮಾಡ್ತು. ಮೂರನೇ ದಿನ ಅಷ್ಟನ್ನೂ ಸೇರಿಸಿ ಇನ್ನೊಂದು. ಹೀಗೇ ಬೆಳೀತಾ ಬೆಳೀತಾ ಡಿಸ್ಕೆಲ್ಲ ತುಂಬೋಯ್ತು. ಬೀರು ಒಳಗೆ ಬೀರು, ಅದರೊಳಗೆ ಇನ್ನೊಂದು ಬೀರು. ಡಿಸ್ಕ್ ಉಸಿರು ಕಟ್ಕೊಂಡಿರೋದು ಇದಕ್ಕೇ ಕಣಮ್ಮ.”

ಸ್ಟೋರಮ್ಮನ ಪಾಲಿಗೆ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಗಂಡನ ಮುಖ ನೋಡಲು ಹೆದರಿ ಸ್ಕ್ರೂ ಡಬ್ಬಿಯನ್ನೇ ನೋಡುತ್ತಾ ನಿಂತಳು. ಪಕ್ಕದಲ್ಲಿ ಸ್ಟೂಲು ಕಿರ್ರೆಂದಿತು. ತಿರುಗಿದರೆ ಕೋಚ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸದ್ದಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು. ಚೀಲದಿಂದ ಸ್ಲೇಟು ತೆಗೆದು ಬರೆದು ತೋರಿಸಿದರು: ‘ಒಬ್ಬ ಗಂಡ ಸಾಲದಾಯಿತೇನೆ ನಿನಗೆ?’

“ನಗ್ಬೇಡಿ ಸರ್,” ಎಂದಳು ರಿಪೇರಿಯಕ್ಕ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಹಗಲೆಲ್ಲ ಹೀಗೆ ಉಜ್ಜಿ ಉಜ್ಜಿ ಡಿಸ್ಕ್ ನಿಜವಾಗ್ಲೂ ಸವೆದಿದೆ. ಅಲ್ಲಲ್ಲಿ ಓದೋಕೆ ಬರದ ಜಾಗ ಆಗಿದೆ. ಆ ನೀಲಿ ಪರದೆ ಬಂದಿದ್ದು ಅದಕ್ಕೇ. ಇನ್ನೊಂದು ಸಲ ಆಫ್ ಮಾಡಿದ್ರೆ ಏಳುತ್ತೆ ಅನ್ನೋ ಭರವಸೆ ನಂಗಿಲ್ಲ. ಈಗ, ಇಲ್ಲೇ, ಇದು ನಡೀತಾ ಇರೋವಾಗ್ಲೇ ಅಸಲು ದನೀನ ಹೊರಗೆ ತೆಗೀಬೇಕು. ಆ ಥೆರಪಿಸ್ಟ್ ಹತ್ರ ಇನ್ನೊಂದು ಇದೆಯಾ?”

ಇರಲಿಲ್ಲ. ಗಂಟಲು ಹೋಗಿತ್ತು, ಇನ್ನೊಮ್ಮೆ ಓದಿಸಲು ಬರುವಂತಿರಲಿಲ್ಲ. ಕೋಚ್ ನಗು ನಿಂತಿತು.

ರಿಪೇರಿಯಕ್ಕ ಆ ಪ್ರೋಗ್ರಾಮನ್ನು ನಿಲ್ಲಿಸಿದಳು. ತಿಂಗಳುಗಳ ಮೇಲೆ ಕೆಂಪು ದೀಪ ಆರಿತು. ಹೊರಗಿನ ಡಿಸ್ಕೊಂದನ್ನು ಸಿಕ್ಕಿಸಿ, ಅಸಲು ಫೈಲುಗಳನ್ನು ಒಂದೊಂದಾಗಿ ಅದಕ್ಕೆ ಸಾಗಿಸತೊಡಗಿದಳು. ಹಸಿರು ಪಟ್ಟಿ ಇರುವೆಯಂತೆ ಮುಂದೆ ಸರಿಯಿತು. ಸ್ಟೋರಮ್ಮ ಉಸಿರು ಬಿಗಿಹಿಡಿದು ನಿಂತಳು. ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ಜನ ಹೀಗೆ ನಿಂತಿರುವುದನ್ನು ದಿನವೂ ಕಂಡಿದ್ದವಳು, ಕೂತುಕೊಳ್ಳಬಾರದೇ ಎಂದು ಅವರಿಗೆ ಬುದ್ಧಿ ಹೇಳುತ್ತಿದ್ದವಳು, ಈಗ ಎಷ್ಟು ಹೇಳಿದರೂ ಕೂರಲಿಲ್ಲ.

ಪಟ್ಟಿ ಮುಕ್ಕಾಲು ದಾಟಿ ನಿಂತಿತು. ಡಿಸ್ಕು ಟಕ್ ಟಕ್ ಎಂದಿತು. ಈ ಫೈಲನ್ನು ಓದಲಾಗುತ್ತಿಲ್ಲ ಎಂದು ಪರದೆ ಬರೆಯಿತು. ರಿಪೇರಿಯಕ್ಕ ಮತ್ತೆ ಒತ್ತಿದಳು. ಮತ್ತೆ ಅದೇ. ಸ್ಟೋರಮ್ಮ ಗಂಡನ ಕೈ ಹಿಡಿದುಕೊಂಡಳು. ಯಾವ ವಾಕ್ಯವೋ, ಎಷ್ಟು ವಾಕ್ಯವೋ.

“ತಡೀರಿ,” ಎಂದ ರಿಪೇರಿಯಕ್ಕ ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ‘ಕಾಪಿ’ಯೊಳಗೆ ಹೊಕ್ಕಳು. ಅಲ್ಲಿ ಅದೇ ಫೈಲು ಹುಡುಕಿ ಎಳೆದಳು. ಬರಲಿಲ್ಲ. ಅದರೊಳಗಿನ ಕಾಪಿಗೆ ಹೋದಳು. ಬಂತು! ಮುಂದಿನದೂ ಹಾಗೇ ನಿಂತಿತು. ಅದಕ್ಕೂ ಎಲ್ಲೋ ಒಳಗಿನ ಬೀರುವಿನಿಂದ ಚೆನ್ನಾಗಿದ್ದದ್ದೊಂದು ಸಿಕ್ಕಿತು. ಅಸಲು ಹರಿದಲ್ಲೆಲ್ಲ ಒಳಗಿಂದೊಳಗಿಂದ ಮಡಿಸಿಟ್ಟದ್ದೊಂದು ಕೈಗೆ ಬರುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಅಂಗಡಿಗೆ ಬಂದ ಇಬ್ಬರು ಮೂವರನ್ನು ರಿಪೇರಿಯಕ್ಕ ತಲೆಯೆತ್ತದೆ, “ನಾಳೆ ಬನ್ನಿ,” ಎಂದು ಕಳಿಸಿದಳು. ಕೊನೆಗೆ ಬೆನ್ನು ನೆಟ್ಟಗೆ ಮಾಡಿ, “ಎಲ್ಲ ಬಂತಮ್ಮ. ಒಂದು ಮಾತೂ ಹೋಗಿಲ್ಲ,” ಎಂದಳು. “ಈ ಡಿಸ್ಕನ್ನ ಅರ್ಧ ಕೊಂದಿದ್ದು ನಿಮ್ಮ ಬೀರು. ಅದರಲ್ಲಿದ್ದಿದ್ದನ್ನ ಉಳಿಸಿದ್ದೂ ನಿಮ್ಮ ಬೀರೇ. ಬೈಬೇಕೋ ಹೊಗಳ್ಬೇಕೋ ನಂಗೆ ಗೊತ್ತಾಗ್ತಿಲ್ಲ.”

“ಬೈಯಿ ತಾಯಿ, ಎಷ್ಟು ಬೇಕಾದ್ರೂ ಬೈಯಿ,” ಎಂದು ಸ್ಟೋರಮ್ಮ ಆಗ ಕೂತಳು. ಹೋದ ಜೀವ ಬಂದಂತಾಗಿತ್ತು. ಆ ಮೆಟ್ಟಿಲ ಕೆಳಗಿನ ಇಕ್ಕಟ್ಟಿನ ಅಂಗಡಿ, ಆ ಜೋರು ಬಾಯಿಯ ಹೆಂಗಸು, ಸೀಟು ಬಿಟ್ಟುಕೊಟ್ಟವರು, ತಮ್ಮ, ಅಳಿಯ, ಪ್ರೋಗ್ರಾಂ ಹಾಕಿಕೊಟ್ಟ ಆಫೀಸಿನವನು, ಎಲ್ಲರ ಮೇಲೂ ಅವಳಿಗೆ ಒಮ್ಮೆಲೇ ಪ್ರೀತಿ ಉಕ್ಕಿತು. ಎದ್ದು ರಿಪೇರಿಯಕ್ಕನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಕೈತುಂಬ ಧೂಳಿತ್ತು. ರಿಪೇರಿಯಕ್ಕ ನಾಚಿ, “ಬಿಡಿ, ಬಿಡಿ,” ಎಂದು ಕೈ ಎಳೆದುಕೊಂಡಳು.

ಸಂಜೆಯೊಳಗೆ ಲ್ಯಾಪ್‌ಟಾಪಿಗೆ ಹೊಸ ಡಿಸ್ಕು ಕೂತಿತು. ತಿರುಗುವ ತಟ್ಟೆಯಿಲ್ಲದ, ಸದ್ದೇ ಮಾಡದ ಬಗೆಯದು. ದನಿಯ ಒಂದು ಕಾಪಿ ಹೊರಗಿನ ಡಿಸ್ಕಿನಲ್ಲಿ ಉಳಿಯಿತು. “ಇದು ಮನೇಲಿ ಬೇಡ, ನಿಮ್ಮ ಮಗಳ ಹತ್ರ ಇರ್ಲಿ. ಈ ವಾರ್ಡಿನದು ಬೇರೆ ವಾರ್ಡಿಗೆ ಹೋದ್ರೇ ಇಲ್ಲಿ ಕ್ಷೇಮ,” ಎಂದಳು ರಿಪೇರಿಯಕ್ಕ. ಸ್ಟೋರಮ್ಮ ಜನ್ಮದಲ್ಲಿ ಮೊದಲ ಬಾರಿಗೆ ಅಂಥ ಮಾತಿಗೆ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಕೋಚ್ ಗುಂಡಿ ಒತ್ತಿದರು. ಸ್ಟೋರಮ್ಮ ಅಭ್ಯಾಸದಂತೆ ಹಾಸಿಗೆ ಮಡಿಸಲು ಬಗ್ಗಿದಳು. ಚಾದರದ ಒಂದು ತುದಿ ಇನ್ನೂ ಕೈಯಲ್ಲಿರುವಾಗಲೇ ಬೆನ್ನ ಹಿಂದೆ ಗಂಡನ ದನಿ ಕೇಳಿಸಿತು. “ಅಮ್ಮಾ, ಎದ್ಯಾ?”

ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಅನುಮಾನಿಸುತ್ತಾ ಕೇಳಿದರು. “ಎದ್ದೆ ಕಣಪ್ಪಾ. ಕೋಪ ಹೋಯ್ತಾ?”

ಕೀಲಿಗಳ ಮೇಲೆ ಕೋಚ್ ಬೆರಳು ನಿಂತಿತು. ಆಮೇಲೆ ಪಟಪಟ ಓಡಿತು. “ಯಾವ ಕೋಪ ಅಮ್ಮ?”

“ಮತ್ತೆ ಇಷ್ಟು ದಿನ ಏನು ಕೇಳಿದ್ರೂ ಸುಮ್ನೆ ಕೂತಿದ್ದು, ಯೋಚನೆ ಮಾಡಿ ಮಾಡಿ ಒಂದು ಮಾತಾಡ್ತಿದ್ಯಲ್ಲ. ನಾನೇನೋ ಅನ್ನಬಾರದ್ದು ಅಂದಿದೀನಿ, ನನ್ನ ಜೊತೆ ಮಾತು ಬೇಡ ಅನ್ಸಿದೆ ನಿಂಗೆ ಅಂತ ಸುಮ್ನಾದೆ. ಕುರುಡಿಯಾಗಿ ಎಲ್ಲರಿಗೂ ಭಾರವಾಗಿದೀನಿ, ಯಾವ ಮುಖ ಇಟ್ಕೊಂಡು ಕೇಳ್ಲಿ? ಅದಕ್ಕೇ ಕೇಳೋದೇ ಬಿಟ್ಟೆ.”

ಸ್ಟೋರಮ್ಮನ ಕೈಯಿಂದ ಚಾದರ ಜಾರಿತು. ವಯಸ್ಸಾಯಿತು, ಮಾತು ಕಡಿಮೆಯಾಯಿತು ಎಂದುಕೊಂಡದ್ದು ಇದನ್ನೇ. ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ, ದಿನವೂ ತಾನೇ ತಲೆ ಬಾಚುತ್ತಿದ್ದ ಜೀವ, ಮಗನಿಗೆ ತಾನು ಬೇಡವಾದೆ ಎಂದು ತಿಂಗಳುಗಟ್ಟಲೆ ಒಳಗೊಳಗೇ ಸೊರಗಿತ್ತು.

“ನಿನ್ನ ಮೇಲೆ ನನಗ್ಯಾವತ್ತೂ ಕೋಪ ಇಲ್ಲಮ್ಮ,” ಎಂದಿತು ಕೋಚ್ ದನಿ. ಅತ್ತೆ ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿದ್ದರು, ಸೆರಗು ಇನ್ನೂ ಮುಖಕ್ಕೆ ತಲುಪಿರಲಿಲ್ಲ. ಅಷ್ಟು ಬೇಗ ಬಂದಿತ್ತು ಉತ್ತರ.

“ದೇವರ ಆಣೆಗೂ?”

“ದೇವರ ಆಣೆಗೂ ಅಮ್ಮ.”

“ಸದ್ಯ,” ಎಂದರು ಅತ್ತೆ. ಕೈ ಚಾಚಿದರು. ಕೋಚ್ ಎದ್ದು ಹೋಗಿ ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು, ತಾಯಿಯ ಕೈಯನ್ನು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು.

ಆಮೇಲೆ ಶುರುವಾಯಿತು. ಗಂಟಲು ನೋಯುತ್ತದೆಯೇ, ರಾತ್ರಿ ನಿದ್ದೆ ಬರುತ್ತದೆಯೇ, ಕೊಳಕ್ಕೆ ಮತ್ತೆ ಹೋಗುವುದುಂಟೇ, ಮಗಳು ಫೋನು ಮಾಡಿದ್ದಳೇ, ಪಕ್ಕದ ಮನೆಯ ಗೋಡೆಗೆ ಯಾವ ಬಣ್ಣ ಹೊಡೆದರು, ಆ ಬೆಕ್ಕು ಮರಿ ಹಾಕಿತೇ. ಇಷ್ಟು ದಿನ ಒಳಗೇ ನುಂಗಿಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಅತ್ತೆ ಒಂದರ ಹಿಂದೊಂದು ಕೇಳಿದರು. ಪ್ರತಿಯೊಂದಕ್ಕೂ ಕೂಡಲೇ ಉತ್ತರ ಬಂತು. ಬೆಕ್ಕಿನ ವಿಷಯದಲ್ಲಿ ತಾಯಿಗೂ ಮಗನಿಗೂ ಸಣ್ಣ ವಾದವೂ ಆಯಿತು. ಸ್ಟೋರಮ್ಮ ಬಾಗಿಲಿಗೊರಗಿ, ಕಂಡ ದೇವರಿಗೆ ಕಾಣದ ದೇವರಿಗೆ ಕೈ ಮುಗಿಯುತ್ತಾ, ಕಣ್ಣು ಮೂಗು ಒರೆಸಿಕೊಳ್ಳುತ್ತಾ ಕೇಳುತ್ತಲೇ ನಿಂತಳು. ಅಂದು ಅವಳು ಕೆಲಸಕ್ಕೆ ತಡವಾಗಿ ಹೋದಳು.